ಎನ್‌ಕ್ರಿಪ್ಟ್ ಆದ ಪಟ್ಟಿಗಳಲ್ಲಿ ದಿನದ ಕೀಲಿಯಿಂದ ಹುಡುಕಿದರೆ ಕೆಲವು ಸಿಗುತ್ತಿಲ್ಲ

ವಿನೋಬನಗರ_ದಾವಣಗೆರೆ:
ಮಾನ್ಯರೇ, ಮೂರು ರಾತ್ರಿಗಳಿಂದ ಇದೊಂದರ ಹಿಂದೆಯೇ ಇದ್ದೇನೆ, ದಯವಿಟ್ಟು ದಾರಿ ತೋರಿಸಿ. ನಮ್ಮ ತರಕಾರಿ ದಲ್ಲಾಳಿ ಅಂಗಡಿಯ ಪಟ್ಟಿಗಳನ್ನು ಎಇಎಸ್-256 ಜಿಸಿಎಂ ವಿಧಾನದಲ್ಲಿ ಎನ್‌ಕ್ರಿಪ್ಟ್ ಮಾಡಿ (ಕೀಲಿಯಿಲ್ಲದೆ ಓದಲಾಗದ ಗೂಢಲಿಪಿಗೆ ತಂದು) ಬಾಡಿಗೆ ಸರ್ವರಿನಲ್ಲಿ ಇಟ್ಟಿದ್ದೇನೆ. ರೈತರ ಬ್ಯಾಂಕ್ ಖಾತೆಯ ವಿವರ ಅದರಲ್ಲಿರುವುದರಿಂದ ಬಿಚ್ಚಿಡುವಂತಿಲ್ಲ. ಮೂಲ ಕೀಲಿಗೆ ತಾರೀಖು ಸೇರಿಸಿ ಪ್ರತಿದಿನಕ್ಕೊಂದು ಕೀಲಿ ಹುಟ್ಟಿಸುತ್ತೇನೆ. ಆ ದಿನದ ಪಟ್ಟಿಗಳೂ, ಹೆಸರಿನಿಂದ ಮಾಡುವ ಎಚ್‌ಮ್ಯಾಕ್ ಟೋಕನ್ನುಗಳೂ (ಹುಡುಕಾಟಕ್ಕಾಗಿ ಹೆಸರು ಮತ್ತು ಕೀಲಿ ಸೇರಿಸಿ ಲೆಕ್ಕ ಹಾಕಿದ ಗುರುತುಗಳು) ಆ ಕೀಲಿಯನ್ನೇ ಬಳಸುತ್ತವೆ. ಲೆಕ್ಕಪರಿಶೋಧಕರಿಗೆ ಏಪ್ರಿಲ್‌ನಿಂದ ಜೂನ್‌ವರೆಗಿನ 91 ಕೀಲಿಗಳನ್ನು ಮಾತ್ರ ಕೊಟ್ಟಿದ್ದೇನೆ. ಆದರೆ ಕೊಟ್ರೇಶ ಎಂದು ಹುಡುಕಿದರೆ ಎಂಟು ಪಟ್ಟಿಗಳಲ್ಲಿ ಐದು ಸಿಗುತ್ತವೆ, ಮೂರು ಸಿಗುವುದೇ ಇಲ್ಲ. ಕೀಲಿ ಸರಿಯಿದೆ, ಕಂಪ್ಯೂಟರಿನ ಗಡಿಯಾರವೂ ಸರಿಯಿದೆ.

ಕೋಟೆನಾಡು_ಲಿನಕ್ಸ್:
ಇದು ಯೂನಿಕೋಡ್ ಸಮಸ್ಯೆ, ಸಂಶಯವೇ ಬೇಡ. ‘ಟ್ರೇ’ಯಲ್ಲಿರುವ ಏತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘದ ಗುರುತು ಎಂದು ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಬೈಟುಗಳು ಬೇರೆ, ಹೀಗಾಗಿ ಟೋಕನ್ ಸಂಪೂರ್ಣ ಬೇರೆ. ಎರಡನ್ನೂ ಒಂದೇ ಸಂಕೇತವಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತನ್ನಿ.

ವಿನೋಬನಗರ_ದಾವಣಗೆರೆ:
ಸರ್, ಎನ್‌ಎಫ್‌ಸಿ ಮೊದಲಿನಿಂದಲೂ ಇದೆ. ಹೆಸರನ್ನು ಬೆರಳಚ್ಚು ಮಾಡುವುದಿಲ್ಲ, ಸಿದ್ಧ ಯಾದಿಯಿಂದ ಆರಿಸುತ್ತೇವೆ. ಎಂಟು ಪಟ್ಟಿಗಳಲ್ಲಿಯೂ ಬೈಟುಗಳು ಅವೇ.

ಕೋಟೆನಾಡು_ಲಿನಕ್ಸ್:
ಹಾಗಾದರೆ ಅಕ್ಷರಗಳು ಹೇಗೆ ಕೂಡಬೇಕೆಂದು ಹೇಳುವ, ಕಣ್ಣಿಗೆ ಕಾಣದ ಜೋಡಕ ಸಂಕೇತ ಉಳಿದಿರಬೇಕು, ಎನ್‌ಎಫ್‌ಸಿ ಅದನ್ನು ತೆಗೆಯುವುದಿಲ್ಲ. ಆ ಯಾದಿ ಹಿಂದೆ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರರೂಪದಲ್ಲಿದ್ದು, ಆಮೇಲೆ ಯೂನಿಕೋಡಿಗೆ ಬಂದದ್ದೇ? ಚಿತ್ರದುರ್ಗದಲ್ಲಿ ನಾನು ಇಂಥದ್ದನ್ನು ಹಲವು ಬಾರಿ ಸರಿಪಡಿಸಿದ್ದೇನೆ.

ಹರಿಹರ_ತುಂಗಾತೀರ:
ಅಕ್ಷರಕ್ಕಿಂತ ದೊಡ್ಡ ವಿಷಯವೊಂದಿದೆ. ಒಮ್ಮೆ ಕೊಟ್ಟ ಕೀಲಿಯನ್ನು ಹಿಂದಕ್ಕೆ ಪಡೆಯಲಾಗದು. ಸೆಪ್ಟೆಂಬರ್‌ನಲ್ಲಿಯೂ ಲೆಕ್ಕಪರಿಶೋಧಕರು ಜೂನ್ ಪಟ್ಟಿಯನ್ನು ತೆರೆಯಬಲ್ಲರು. ಅಲ್ಲದೆ ಒಂದೇ ದಿನ ಒಂದೇ ಹೆಸರು ನಾಲ್ಕು ಬಾರಿ ಬಂದರೆ ಟೋಕನ್ನೂ ನಾಲ್ಕು ಬಾರಿ ಅದೇ ಬರುತ್ತದೆ, ಸರ್ವರಿನವರು ಅದನ್ನು ಎಣಿಸಬಲ್ಲರು. 2000ದಲ್ಲಿ ಸಂಶೋಧಕರಾದ ಸಾಂಗ್, ವ್ಯಾಗ್ನರ್ ಮತ್ತು ಪೆರಿಗ್ ಎನ್‌ಕ್ರಿಪ್ಟ್ ಆದ ಪಠ್ಯದಲ್ಲಿ ಹುಡುಕುವ ದಾರಿ ತೋರಿಸಿದ ಮೇಲೆ ಈ ಕ್ಷೇತ್ರದಲ್ಲಿ ಸಾಕಷ್ಟು ಶ್ರಮ ಏನು ಸೋರುತ್ತದೆ ಎಂಬುದನ್ನು ಅಳೆಯುವುದಕ್ಕೆ ಹೋಗಿದೆ.

ಕೋಟೆನಾಡು_ಲಿನಕ್ಸ್:
ಕಾಲಮಿತಿ ಬೇಕಾದರೆ 1996ರಲ್ಲಿ ರಿವೆಸ್ಟ್, ಶಮೀರ್, ವ್ಯಾಗ್ನರ್ ಹೇಳಿದ ಕಾಲಬೀಗವಿದೆಯಲ್ಲ?

ಹರಿಹರ_ತುಂಗಾತೀರ:
ಅದು ಬೀಗ ಯಾವಾಗ ತೆರೆಯಬೇಕೆಂಬುದನ್ನು ನಿರ್ಧರಿಸುತ್ತದೆ, ಯಾವಾಗ ಮುಚ್ಚಬೇಕೆಂಬುದನ್ನಲ್ಲ. ಇಲ್ಲಿ ಬೇಕಾಗಿರುವುದು ಎರಡನೆಯದು. ಅದಕ್ಕೆ ಕೀಲಿಯ ಜೊತೆ ಸರ್ವರಿನಲ್ಲಿ ಅವಧಿ ಮುಗಿಯುವ ಅನುಮತಿಯೂ ಇರಬೇಕು, ಪೂರ್ತಿ ದತ್ತಾಂಶವನ್ನು ಇಳಿಸಿಕೊಳ್ಳಲು ಬಿಡಬಾರದು.

ಚಳ್ಳಕೆರೆ_ದತ್ತಾಂಶ:
ಒಂದು ಪ್ರಶ್ನೆ. ಸಿಗದ ಮೂರು ಪಟ್ಟಿಗಳು ಎಷ್ಟು ಗಂಟೆಗೆ ದಾಖಲಾದವು?

ವಿನೋಬನಗರ_ದಾವಣಗೆರೆ:
4:10, 4:45 ಮತ್ತು 5:20, ಮೂರೂ ಬೆಳಗಿನ ಜಾವದವು. ತರಕಾರಿ ವ್ಯಾಪಾರವೆಂದರೆ ಆ ಹೊತ್ತಿನಲ್ಲಿಯೇ ಅಲ್ಲವೇ, ಅದಕ್ಕಾಗಿ ಬರೆದಿರಲಿಲ್ಲ. ಮೇ ಕೊನೆಯವರೆಗೆ ಕೈಪುಸ್ತಕದಿಂದ ಸಂಜೆ ನಮೂದಿಸುತ್ತಿದ್ದೆವು. ಜೂನ್ 1ರಿಂದ ತಕ್ಕಡಿಯ ಪಕ್ಕದಲ್ಲಿಯೇ ನೇರವಾಗಿ ನಮೂದಿಸುತ್ತಿದ್ದೇವೆ. ಸಿಕ್ಕ ಐದೂ 5:30ರ ನಂತರದವು.

ಚಳ್ಳಕೆರೆ_ದತ್ತಾಂಶ:
ಕೀಲಿ ಹುಟ್ಟಿಸುವ ಪ್ರೋಗ್ರಾಂ ಕಂಟೈನರ್ (ಪ್ರೋಗ್ರಾಂ ಓಡಿಸುವ ಪ್ರತ್ಯೇಕ ಆವರಣ) ಒಳಗೆ ಓಡುತ್ತಿದೆಯೇ? ಹಾಗಿದ್ದರೆ ಪರದೆಯ ಗಡಿಯಾರವನ್ನು ನಂಬಬೇಡಿ. ಬೇರೆ ಸೂಚನೆ ಕೊಡದಿದ್ದರೆ ಕಂಟೈನರ್ ಸಾಮಾನ್ಯವಾಗಿ ಯುಟಿಸಿಯಲ್ಲಿ, ಅಂದರೆ ಜಾಗತಿಕ ಸಮಯದಲ್ಲಿರುತ್ತದೆ, ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಜೂನ್ 14ರ 4:45ಕ್ಕೆ ಬರೆದ ಪಟ್ಟಿಯ ಮೇಲೆ 14 ಎಂದಿರುತ್ತದೆ, ಆದರೆ ಕೀಲಿ 13ರದ್ದು. ಊಹೆ ಬೇಡ, ಸಿಗದ ಪಟ್ಟಿಯೊಂದನ್ನು ಹಿಂದಿನ ದಿನದ ಕೀಲಿಯಿಂದ ತೆರೆಯಿರಿ. ಜಿಸಿಎಂ ತಪ್ಪು ಕೀಲಿಯನ್ನು ತಿರಸ್ಕರಿಸುತ್ತದೆ, ಆದ್ದರಿಂದ ತೆರೆದರೆ ಅದೇ ಕಾರಣ.

ಹುಡುಕಾಟಕ್ಕಿಂತ ನನಗೆ ಹೆಚ್ಚು ಆತಂಕ ತಂದಿರುವುದು ಜುಲೈ 1. ಅಂದು 5:30ರೊಳಗೆ ಬರೆದ ಪಟ್ಟಿಗಳೆಲ್ಲ ಜೂನ್ 30ರ ಕೀಲಿಯಲ್ಲಿವೆ, ಆ ಕೀಲಿ ಲೆಕ್ಕಪರಿಶೋಧಕರ ಬಳಿ ಇದೆ. ಅವಧಿಯ ಹೊರಗಿನ ಪಟ್ಟಿಗಳನ್ನು ಅವರು ಓದಬಲ್ಲರು.

ಕೋಟೆನಾಡು_ಲಿನಕ್ಸ್:
ಜೋಡಕ ಸಂಕೇತವನ್ನೂ ಒಮ್ಮೆ ನೋಡಿಬಿಡಿ.

ವಿನೋಬನಗರ_ದಾವಣಗೆರೆ:
ಚಳ್ಳಕೆರೆಯವರೇ, ಮೂರೂ ಪಟ್ಟಿಗಳು ಹಿಂದಿನ ದಿನದ ಕೀಲಿಯಿಂದ ಮೊದಲ ಯತ್ನಕ್ಕೇ ತೆರೆದವು. ತಮಗೆ ಅನಂತ ಧನ್ಯವಾದಗಳು. ಕಂಟೈನರಿಗೆ ಹೇಳಿ ಬಿಡದೆ, ಪ್ರೋಗ್ರಾಂ ಒಳಗೇ ಏಷ್ಯಾ/ಕೋಲ್ಕತಾ ವಲಯವನ್ನು ನಮೂದಿಸಿ, ಪಟ್ಟಿಯ ಮೇಲಿನ ತಾರೀಖಿನಿಂದಲೇ ಕೀಲಿ ಹುಟ್ಟುವಂತೆ ಬದಲಿಸಿದ್ದೇನೆ. ಜೂನ್ 1ರಿಂದ ಈಚೆಗಿನ ಬೆಳಗಿನ ಪಟ್ಟಿಗಳನ್ನು ಹಳೆಯ ಕೀಲಿಯಿಂದ ತೆರೆದು, ಸರಿಯಾದ ಕೀಲಿಯಿಂದ ಮತ್ತೆ ಎನ್‌ಕ್ರಿಪ್ಟ್ ಮಾಡಿ, ಟೋಕನ್ ಹೊಸದಾಗಿ ಬರೆಯುತ್ತಿದ್ದೇನೆ. ಜೋಡಕ ಸಂಕೇತ ಎಲ್ಲಿಯೂ ಇಲ್ಲ, ನೋಡಿದೆ.

ಜುಲೈ 1ರ ಹದಿನೇಳು ಪಟ್ಟಿಗಳನ್ನು ಎಲ್ಲಕ್ಕಿಂತ ಮೊದಲು ಬದಲಿಸಿದೆ. ಆದರೆ ಹಳೆಯ ರೂಪದಲ್ಲಿ ಅವು ಸರ್ವರಿನ ವಾರದ ಬ್ಯಾಕಪ್‌ನಲ್ಲಿ ಉಳಿದಿವೆ, ಲೆಕ್ಕಪರಿಶೋಧಕರಿಗೆ ಕೊಟ್ಟಿರುವ ಲಾಗಿನ್‌ನಿಂದ ಆ ಕಡತ ಕಾಣುತ್ತದೆ.

ಹರಿಹರ_ತುಂಗಾತೀರ:
ಮೊದಲು ಆ ಲಾಗಿನ್ ನಿಲ್ಲಿಸಿ, ಈಗಲೇ. ಯಾರು ಏನನ್ನು ಇಳಿಸಿಕೊಂಡಿದ್ದಾರೆಂದು ಸರ್ವರಿನ ಲಾಗ್ ನೋಡಿ. ಬ್ಯಾಕಪ್ ಅಳಿಸುವ ಕೆಲಸ ಅದರ ನಂತರ.

ವಿನೋಬನಗರ_ದಾವಣಗೆರೆ:
ನಿಲ್ಲಿಸಿದೆ. ಲಾಗ್ ನೋಡುತ್ತಿದ್ದೇನೆ.