ಅಪ್‌ಡೇಟ್: ಹಳೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಬಂತು, ಲಿನಕ್ಸ್ ಒಳಗೆ

ನನ್ನ ಪ್ರಶ್ನೆ ಇದಾಗಿತ್ತು: ಐದನೇ ಜನರೇಷನ್ ಐ5, 8 ಜಿಬಿ ರ‍್ಯಾಮ್, ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲ್‌ಗಳಿಗೆ ವಿಂಡೋಸ್ ಬೇಕೇ ಬೇಕು. ಏನು ಮಾಡಲಿ?

"ಲಿನಕ್ಸ್ ಮಿಂಟ್ ಹಾಕಿ, ಅದರೊಳಗೆ ವರ್ಚುವಲ್ ಮೆಷಿನ್ ಮಾಡಿ" ಅಂದವರಿಗೆ ಥ್ಯಾಂಕ್ಸ್. ಅಂದರೆ ಕಂಪ್ಯೂಟರಿನಲ್ಲಿ ಲಿನಕ್ಸ್ ಓಡುತ್ತದೆ, ಅದರೊಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಇನ್ನೊಂದು ಕಂಪ್ಯೂಟರಿನಲ್ಲಿ ವಿಂಡೋಸ್. ಕೆಲಸ ಆಯ್ತು! ವರ್ಚುವಲ್ ಮೆಷಿನ್ ಓಡಿಸಲು ಲಿನಕ್ಸ್‌ನಲ್ಲೇ ಇರುವ ಕೆವಿಎಂ, ಅದನ್ನು ನಿಭಾಯಿಸಲು ವರ್ಟ್-ಮ್ಯಾನೇಜರ್ ಬಳಸಿದೆ. ಇಲ್ಲದ ಟಿಪಿಎಂ ಚಿಪ್ಪಿನ ಕೆಲಸವನ್ನು ಎಸ್‌ಡಬ್ಲ್ಯೂಟಿಪಿಎಂ ಅನ್ನುವ ಸಾಫ್ಟ್‌ವೇರ್ ಮಾಡುತ್ತದೆ. ವಿಂಡೋಸ್ ಅದನ್ನು ತಕರಾರಿಲ್ಲದೆ ಒಪ್ಪಿಕೊಂಡಿತು. ವರ್ಚುವಲ್ ಮೆಷಿನ್ ಶುರುವಾಗುವ ವಿಧಾನಕ್ಕೆ ಹಳೇ ಬಯಾಸ್ ಬದಲು ಸೆಕ್ಯೂರ್ ಬೂಟ್ (ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಶುರುವಾಗಲು ಬಿಡುವ ವ್ಯವಸ್ಥೆ) ಇರುವ ಯುಇಎಫ್‌ಐ ಆರಿಸಬೇಕು.

ತಲೆ ತಿಂದಿದ್ದು ಡಿಸ್ಕ್. ಎಲ್ಲಿ ಇನ್‌ಸ್ಟಾಲ್ ಮಾಡಬೇಕು ಅಂತ ಕೇಳುವ ಪಟ್ಟಿ ಪೂರ್ತಿ ಖಾಲಿ! ಡಿಸ್ಕನ್ನು ವರ್ಟ್‌ಐಒ (ವರ್ಚುವಲ್ ಮೆಷಿನ್‌ಗೆಂದೇ ಇರುವ ವೇಗದ ಡಿಸ್ಕ್ ಬಗೆ) ಆಗಿ ಕೊಟ್ಟರೆ ಹೀಗೇ, ಅದರ ಡ್ರೈವರ್ ವಿಂಡೋಸ್ ಜೊತೆ ಬರುವುದಿಲ್ಲ. ಆ ಡ್ರೈವರ್‌ಗಳಿರುವ ವರ್ಟ್‌ಐಒ-ವಿನ್ ಐಎಸ್‌ಒ ಫೈಲನ್ನು ಎರಡನೇ ಸಿಡಿಯಾಗಿ ಸೇರಿಸಿ, 'ಲೋಡ್ ಡ್ರೈವರ್' ಒತ್ತಿ, ವಯೋಸ್ಟಾರ್ ಫೋಲ್ಡರಿನೊಳಗಿನ ಡಬ್ಲ್ಯೂ11 ತೋರಿಸಿದೆ. ತಕ್ಷಣ 64 ಜಿಬಿ ಡಿಸ್ಕ್ ಪ್ರತ್ಯಕ್ಷ.

ವಿಂಡೋಸ್‌ಗೆ 4 ಜಿಬಿ ರ‍್ಯಾಮ್ ಬಿಟ್ಟಿದ್ದೇನೆ. ನುಡಿ, ಎಕ್ಸೆಲ್, ಪ್ರಿಂಟ್ ಎಲ್ಲ ಆರಾಮ. ಆದರೆ ಹೊರಗೆ ಲಿನಕ್ಸ್‌ನಲ್ಲಿ ಬ್ರೌಸರ್ ಟ್ಯಾಬ್ ಜಾಸ್ತಿ ತೆರೆದರೆ ಎರಡೂ ಕುಂಟುತ್ತವೆ. ಗೇಮ್ ಆಸೆ ಇದ್ದರೆ ಬಿಟ್ಟುಬಿಡಿ, ಗ್ರಾಫಿಕ್ಸ್ ಕಾರ್ಡಿನ ಪೂರ್ತಿ ಬಲ ಒಳಗೆ ಸಿಗುವುದಿಲ್ಲ.

ಇನ್ನೂ ಹಳೇ ಕೋರ್ 2 ಡ್ಯುಯೋ ಪ್ರೊಸೆಸರ್ ಇಟ್ಟುಕೊಂಡವರು ಸುಮ್ನೆ ಒದ್ದಾಡಬೇಡಿ. ವಿಂಡೋಸ್ 11ರ 24ಎಚ್2 ಆವೃತ್ತಿಗೆ ಪ್ರೊಸೆಸರಿನಲ್ಲೇ ಎಸ್‌ಎಸ್‌ಇ4.2 ಅನ್ನುವ ಆದೇಶಗಳ ಗುಂಪು ಇರಬೇಕು, ಕೆವಿಎಂ ಅದನ್ನು ಹುಟ್ಟಿಸಿ ಕೊಡುವುದಿಲ್ಲ. ಲೈಸೆನ್ಸ್ ಕೇಳಿದ್ದವರಿಗೆ: ವರ್ಚುವಲ್ ಮೆಷಿನ್‌ಗೂ ಬೇಕು, ನಾನು ಬೇರೆ ಕೀ ಕೊಂಡೆ.