ಕೆ562 ಸಾಯುತ್ತೆ, ಎಎಂಎಲ್ ಬ್ಲಾಸ್ಟ್ ಸಾಯಲ್ಲ: ದೋಷ ಎನ್‌ಕೆ ಕೋಶಗಳದ್ದೇ?

ಪ್ರಶ್ನೆ:
ಎನ್‌ಕೆ ಕೋಶಗಳು (ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲ ಬಿಳಿ ರಕ್ತಕಣಗಳು) ಆರೋಗ್ಯವಂತ ದಾನಿಯವು. ಕೆ562 (ಲ್ಯಾಬಿನಲ್ಲಿ ಬೆಳೆಸುವ ರಕ್ತಕ್ಯಾನ್ಸರ್ ಕೋಶಗಳು) ಜೊತೆ 10:1ರಲ್ಲಿ (ಒಂದು ಗುರಿಕೋಶಕ್ಕೆ ಹತ್ತು ಎನ್‌ಕೆ) 4 ಗಂಟೆ ಇಟ್ಟರೆ ಕೆ562 ಅರ್ಧಕ್ಕಿಂತ ಹೆಚ್ಚು ಸಾಯುತ್ತವೆ. ಅದೇ ಪ್ಲೇಟಿನಲ್ಲಿ ಎಎಂಎಲ್ (ಒಂದು ಬಗೆಯ ತೀವ್ರ ರಕ್ತಕ್ಯಾನ್ಸರ್) ರೋಗಿಯ ಬ್ಲಾಸ್ಟ್‌ಗಳನ್ನು (ಎಳೆಯ ಕ್ಯಾನ್ಸರ್ ಕೋಶಗಳು, ಫ್ರೀಜ್ ಮಾಡಿಟ್ಟವು) ಹಾಕಿದರೆ, ಎನ್‌ಕೆ ಇಲ್ಲದ ವೆಲ್‌ಗೂ ಇರುವ ವೆಲ್‌ಗೂ ವ್ಯತ್ಯಾಸವೇ ಇಲ್ಲ. ಎಲ್ಲಿಂದ ಹುಡುಕಲಿ?

ಉತ್ತರ 1:
ಎನ್‌ಕೆ ಚೆನ್ನಾಗಿಯೇ ಇವೆ, ಕೆ562 ಸತ್ತಿದ್ದೇ ಸಾಕ್ಷಿ. ಆದರೆ ಕೆ562 ತೀರಾ ಸುಲಭದ ತುತ್ತು. ಅದರ ಮೇಲೆ ಎಚ್‌ಎಲ್‌ಎ ಕ್ಲಾಸ್ 1 (ಎನ್‌ಕೆಯನ್ನು ತಡೆಯುವ ಗುರುತಿನ ಪ್ರೋಟೀನ್‌ಗಳು) ಇಲ್ಲವೆಂಬಷ್ಟು ಕಡಿಮೆ, ಎನ್‌ಕೆಗೆ ಬ್ರೇಕ್ ಬೀಳುವುದೇ ಇಲ್ಲ. ಬ್ಲಾಸ್ಟ್‌ಗಳು ಸಾಮಾನ್ಯವಾಗಿ ಅದನ್ನು ಉಳಿಸಿಕೊಂಡಿರುತ್ತವೆ. ಜೊತೆಗೆ, ಎನ್‌ಕೆಜಿ2ಡಿ (ಕೊಲ್ಲಲು ಚೋದಿಸುವ ಎನ್‌ಕೆ ಗ್ರಾಹಕ) ಗುರುತಿಸುವ ಎಂಐಸಿಎ, ಎಂಐಸಿಬಿ ಪ್ರೋಟೀನ್‌ಗಳು ಬ್ಲಾಸ್ಟ್ ಮೇಲೆ ಕಡಿಮೆ ಇರುವುದುಂಟು, ಕತ್ತರಿಸಿ ಹೊರಬಿಡುವುದೂ ಉಂಟು.

ಎನ್‌ಕೆ ಗುರುತಿಸುತ್ತಿಲ್ಲವೋ, ಗುರುತಿಸಿಯೂ ಬ್ಲಾಸ್ಟ್ ಸಾಯುತ್ತಿಲ್ಲವೋ, ಮೊದಲು ಅದನ್ನು ಬೇರೆ ಮಾಡಿ. ಎನ್‌ಕೆ ತನ್ನ ವಿಷಕಣಗಳನ್ನು ಹೊರಬಿಟ್ಟಾಗ ಅದರ ಮೇಲ್ಮೈಗೆ ಬರುವ ಪ್ರೋಟೀನ್ ಸಿಡಿ107ಎ; ಅದರ ಪ್ರತಿಕಾಯವನ್ನು ಶುರುವಿನಲ್ಲೇ ಹಾಕಿ, 1 ಗಂಟೆ ಬಿಟ್ಟು ಮೊನೆನ್ಸಿನ್ (ಒಳಹೋದ ಪ್ರತಿಕಾಯದ ಬಣ್ಣ ಅಳಿಯದಂತೆ ಕಾಯುವ ರಾಸಾಯನಿಕ). ಕೊನೆಯಲ್ಲಿ ಸ್ಟೇನ್ ಮಾಡಿದರೆ ಹೊರಗೆ ಬಂದ ಸಿಡಿ107ಎ ಅಷ್ಟರಲ್ಲಿ ಒಳಗೆ ಹೋಗಿರುತ್ತದೆ. ಏರಿಕೆ ಕಂಡೂ ಬ್ಲಾಸ್ಟ್ ಬದುಕಿದ್ದರೆ, ಎನ್‌ಕೆ ಹೊರಬಿಡುವ ಕೊಲ್ಲುವ ಪ್ರೋಟೀನ್‌ಗಳಾದ ಪರ್ಫೊರಿನ್, ಗ್ರಾಂಜೈಮ್‌ಗಳ ಪೆಟ್ಟನ್ನು ಅದು ತಡೆದುಕೊಳ್ಳುತ್ತಿದೆ ಎಂದರ್ಥ.

ಉತ್ತರ 2:
ಅದಕ್ಕೂ ಮೊದಲು ಬ್ಲಾಸ್ಟ್‌ಗಳ ಸ್ಥಿತಿ ನೋಡಿ. ಕರಗಿಸಿದ ಸ್ಯಾಂಪಲ್ಲಿನಲ್ಲಿ ತಾವಾಗಿಯೇ ಸಾಯುವವು ಜಾಸ್ತಿ. ಲೆಕ್ಕ ಹೀಗಿರಲಿ: (ಎನ್‌ಕೆ ಇರುವ ವೆಲ್‌ನ ಸಾವು − ತಾನಾಗಿ ಆದ ಸಾವು) ÷ (100 − ತಾನಾಗಿ ಆದ ಸಾವು) × 100. ತಾನಾಗಿ ಸಾಯುವವು 25% ದಾಟಿದರೆ ಆ ಪ್ಲೇಟ್ ನಂಬಬೇಡಿ. ಕರಗಿಸುವಾಗ ಸತ್ತ ಕೋಶಗಳ ಡಿಎನ್‌ಎ ಅಂಟಾಗಿ ಎಲ್ಲವನ್ನೂ ಗಂಟು ಕಟ್ಟಿಸುತ್ತದೆ, ಡಿಎನ್‌ಏಸ್ (ಡಿಎನ್‌ಎ ಕತ್ತರಿಸುವ ಕಿಣ್ವ) ಹಾಕಿ. ಬ್ಲಾಸ್ಟ್‌ಗೆ ಮೊದಲೇ ಬಣ್ಣ ಕೊಡಿ, ಇಲ್ಲವಾದರೆ ದಾನಿಯ ಎನ್‌ಕೆ ಕೋಶಗಳೂ ಎಣಿಕೆಗೆ ಸೇರುತ್ತವೆ.

ಪ್ರಶ್ನೆ ಕೇಳಿದವರು:
ಬ್ಲಾಸ್ಟ್ ಎದುರು ಸಿಡಿ107ಎ ಏರಲೇ ಇಲ್ಲ. ಎಚ್‌ಎಲ್‌ಎ-ಸಿ (ಕ್ಲಾಸ್ 1ರಲ್ಲೊಂದು; ಸಿ1, ಸಿ2 ಅದರ ಎರಡು ಗುಂಪುಗಳು) ಟೈಪ್ ಗೊತ್ತಿದೆ: ರೋಗಿ ಸಿ1/ಸಿ1, ದಾನಿ ಸಿ1/ಸಿ2. ಉಪಯೋಗವಿದೆಯೇ?

ಉತ್ತರ 1:
ಖಂಡಿತ ಇದೆ! ಕೆಐಆರ್2ಡಿಎಲ್1 (ಕೆಲವು ಎನ್‌ಕೆಗಳ ಮೇಲಿನ ಬ್ರೇಕ್ ಗ್ರಾಹಕ) ಹುಡುಕುವುದು ಸಿ2, ರೋಗಿಯಲ್ಲಿ ಅದಿಲ್ಲ. ದಾನಿಯಲ್ಲಿ ಸಿ2 ಇರುವುದರಿಂದ ಆ ಗ್ರಾಹಕವಿರುವ ಎನ್‌ಕೆಗಳು ಪಳಗಿಯೂ ಇವೆ, ಅಂದರೆ ಕೊಲ್ಲುವ ಸಾಮರ್ಥ್ಯ ಗಳಿಸಿವೆ. ಅರ್ಧ ಹೊಂದಾಣಿಕೆಯ ಕಸಿಯಲ್ಲಿ ಇಂಥ ಹೊಂದಿಕೆಯಿಲ್ಲದ ದಾನಿಯಿದ್ದಾಗ ಎಎಂಎಲ್ ಮರುಕಳಿಕೆ ಕಡಿಮೆಯೆಂದು ಇಟಲಿಯ ಪೆರುಜಾ ತಂಡ 2002ರಲ್ಲಿ ತೋರಿಸಿತು.

ಆದರೆ ಒಟ್ಟು ಎನ್‌ಕೆಯಲ್ಲಿ ಇವು ಸಣ್ಣ ಪಾಲು, ಸರಾಸರಿಯಲ್ಲಿ ಮುಳುಗಿಹೋಗುತ್ತವೆ. ಕೆಐಆರ್2ಡಿಎಲ್1 ಇದ್ದು, 2ಡಿಎಲ್2/3, 3ಡಿಎಲ್1, ಎನ್‌ಕೆಜಿ2ಎ (ಇವೂ ಬ್ರೇಕ್ ಗ್ರಾಹಕಗಳೇ) ಮೂರೂ ಇಲ್ಲದವಕ್ಕೆ ಮಾತ್ರ ಗೇಟ್ ಹಾಕಿ (ಫ್ಲೋ ಸೈಟೋಮೀಟರ್‌ನಲ್ಲಿ ಅವನ್ನಷ್ಟೇ ಆರಿಸಿ) ಸಿಡಿ107ಎ ನೋಡಿ. ಎನ್‌ಕೆಜಿ2ಎ ಇದ್ದರೆ ಬ್ಲಾಸ್ಟ್ ಮೇಲಿನ ಎಚ್‌ಎಲ್‌ಎ-ಇ ಬ್ರೇಕ್ ಒತ್ತುತ್ತದೆ.

ಉತ್ತರ 2:
ಇನ್ನೊಂದು ವೆಲ್‌ನಲ್ಲಿ ಕ್ಲಾಸ್ 1 ತಡೆಯುವ ಪ್ರತಿಕಾಯ ಹಾಕಿ. ಆಗ ಕೊಲ್ಲುವಿಕೆ ಏರಿದರೆ ಬ್ರೇಕ್ ಅದೇ. ಎಫ್‌ಎಬಿ2 (ಬಾಲ ತೆಗೆದ ಪ್ರತಿಕಾಯ) ತುಂಡನ್ನೇ ಬಳಸಿ. ಇಡೀ ಪ್ರತಿಕಾಯವಾದರೆ ಅದರ ಬಾಲವನ್ನು ಎನ್‌ಕೆ ಮೇಲಿನ ಸಿಡಿ16 ಗ್ರಾಹಕ ಹಿಡಿದು, ಬ್ರೇಕ್ ಬಿಟ್ಟಿದೆಯೋ ಇಲ್ಲವೋ, ಎನ್‌ಕೆ ಕೊಂದೇ ಬಿಡುತ್ತದೆ.