ಚಿಕ್ಕಪ್ಪನ ಫಾರ್ವರ್ಡ್‌ಗೆ ಆಶ್‌ಬರ್ನ್‌ನಿಂದ ಉತ್ತರ

ಚಿಕ್ಕಪ್ಪಾ, ನಮಸ್ಕಾರ. ಗ್ರೂಪಿನಲ್ಲಿ ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಕೈಕೆಲಸ ಮಾಡುತ್ತಾ ಕೇಳಿಸಿಕೊಳ್ಳಿ.

ಬೆಳಿಗ್ಗೆ ನೀವು ಹಾಕಿದ ಫಾರ್ವರ್ಡ್ ನೋಡಿದೆ. ಬೆಂಗಳೂರು ಮೂಲದ ಸುಹಾಸ್ ಸುಬ್ರಮಣ್ಯಂ ಅಮೆರಿಕದ ಸೆನೆಟರ್ ಆಗಿದ್ದಾರೆ, ವರ್ಜೀನಿಯಾದ ಲೌಡನ್ ಕೌಂಟಿಯ ನಮ್ಮ ಜನ ಒಗ್ಗಟ್ಟಾಗಿ ಗೆಲ್ಲಿಸಿದರು ಅಂತ. ಕೆಳಗೆ ಅತ್ತೆ ಕೇಳಿದ್ದಾರೆ, ಇದು ನಿಮ್ಮ ಏರಿಯಾನೇ ಅಲ್ವಾ, ನೀವೆಲ್ಲ ವೋಟು ಹಾಕಿದಿರಾ ಅಂತ. ಏರಿಯಾ ನಮ್ಮದೇ, ಅತ್ತೆ, ನಮ್ಮ ಆಶ್‌ಬರ್ನ್ ಲೌಡನ್‌ನಲ್ಲೇ ಇದೆ. ಸುಹಾಸ್ ಮನೆಯವರು ಬೆಂಗಳೂರಿನವರು ಅನ್ನುವುದೂ ನಿಜ. ಆದರೆ ಅವರು ಸೆನೆಟರ್ ಆಗಿದ್ದು ವರ್ಜೀನಿಯಾ ರಾಜ್ಯದ ಸೆನೆಟ್‌ಗೆ, ಅದೂ ಒಂದೇ ವರ್ಷ. 2023ರ ನವೆಂಬರ್‌ನಲ್ಲಿ 32ನೇ ಕ್ಷೇತ್ರದಿಂದ ಗೆದ್ದರು. 2024ರಲ್ಲಿ ಅಲ್ಲಿಂದ ಮೇಲಕ್ಕೆ, ವಾಷಿಂಗ್ಟನ್‌ನ ಕೆಳಮನೆಗೆ ಗೆದ್ದು ಹೋದರು. ಈಗ ಅವರು ಅಲ್ಲಿ, ಅಂದರೆ ನಮ್ಮ ಲೋಕಸಭೆ ಇದ್ದ ಹಾಗೆ.

ರಾಜ್ಯ ಸೆನೆಟ್ ಅಂದರೆ ನಮ್ಮ ವಿಧಾನ ಪರಿಷತ್ತು ಅಂದುಕೊಳ್ಳಬೇಡಿ. ಪರಿಷತ್ತಿಗೆ ಶಾಸಕರು, ಪಂಚಾಯಿತಿಯವರು, ಪದವೀಧರರು, ಶಿಕ್ಷಕರು ಆರಿಸುತ್ತಾರೆ, ಉಳಿದವರು ನಾಮನಿರ್ದೇಶಿತರು. ಇಲ್ಲಿ ಮೇಲ್ಮನೆಗೂ ಜನರೇ ನೇರ ವೋಟು ಹಾಕುತ್ತಾರೆ. ಒಟ್ಟು 40 ಸ್ಥಾನ, ರಾಜ್ಯದ ಜನಸಂಖ್ಯೆ 86 ಲಕ್ಷದಷ್ಟು. ಭಾಗಿಸಿ ನೋಡಿ, ಒಬ್ಬ ಸೆನೆಟರ್‌ಗೆ ಎರಡು ಲಕ್ಷ ಚಿಲ್ಲರೆ ಜನ. ನಿಮ್ಮ ಮೈಸೂರಿನ ಒಂದು ಎಂಎಲ್‌ಎ ಕ್ಷೇತ್ರದಷ್ಟೇ ಆಯಿತು. ಸಂಬಳ ಕೇಳಿದರೆ ನಗುತ್ತೀರಿ, ವರ್ಷಕ್ಕೆ 18,000 ಡಾಲರ್. ಇಲ್ಲಿ ಬಾಡಿಗೆಗೂ ಸಾಲುವುದಿಲ್ಲ. ಹಾಗಾಗಿ ಎಲ್ಲರಿಗೂ ಬೇರೆ ಉದ್ಯೋಗ ಇರುತ್ತದೆ. ಜನವರಿಯಲ್ಲಿ ರಾಜ್ಯದ ರಾಜಧಾನಿ ರಿಚ್ಮಂಡ್‌ಗೆ ಹೋಗಿ, ಒಂದು ವರ್ಷ 60 ದಿನ, ಮರುವರ್ಷ ಅದಕ್ಕಿಂತ ಕಡಿಮೆ ದಿನ ಕೂತು ಕಾನೂನು ಮಾಡಿ ಬರುತ್ತಾರೆ.

ಈಗ ಅಸಲು ಕಥೆಗೆ ಬರುತ್ತೇನೆ. ಸುಹಾಸ್ ಹೋದ ಮೇಲೆ ಸೀಟು ಖಾಲಿ ಬಿತ್ತು. ಉಪಚುನಾವಣೆ ಬಂತು. ಫಾರ್ವರ್ಡ್ ಮಾಡುವವರಿಗೆ ಇದು ಬೇಡ, ಆದರೆ ನನ್ನ ಪ್ರಕಾರ ಸುಹಾಸ್ ಗೆದ್ದಿದ್ದಕ್ಕಿಂತ ಇದೇ ದೊಡ್ಡ ಸುದ್ದಿ. ಯಾಕೆ ಅಂದರೆ ಸೆನೆಟ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ್ದು 21, ರಿಪಬ್ಲಿಕನ್ 19. ಡೆಮಾಕ್ರಟಿಕ್ ಪಕ್ಷದ ಸುಹಾಸ್ ಬಿಟ್ಟ ಈ ಸೀಟು ಆ ಕಡೆ ಹೋದರೆ 20-20. ಸಮ ಆದಾಗ ಸೆನೆಟ್‌ನ ಅಧ್ಯಕ್ಷತೆ ವಹಿಸುವ ಲೆಫ್ಟಿನೆಂಟ್ ಗವರ್ನರ್ ವೋಟು ಹಾಕಬಹುದು, ಆಗ ಆ ಕುರ್ಚಿಯಲ್ಲಿದ್ದವರು ರಿಪಬ್ಲಿಕನ್ ಪಕ್ಷದ ವಿನ್ಸಮ್ ಅರ್ಲ್-ಸಿಯರ್ಸ್. ಒಂದು ಕ್ಷೇತ್ರದ ಉಪಚುನಾವಣೆ ಇಡೀ ಮನೆಯ ಲೆಕ್ಕ ತಿರುಗಿಸಬಹುದಿತ್ತು.

ಮೊದಲು ಪಕ್ಷದ ಅಭ್ಯರ್ಥಿ ಆಯ್ಕೆ ಆಗಬೇಕಲ್ಲ. ನಮ್ಮಲ್ಲಾದರೆ ಹೈಕಮಾಂಡ್, ಬಿ ಫಾರಂ, ದೆಹಲಿಗೆ ಫ್ಲೈಟು. ಇಲ್ಲಿ ಟೈಮ್ ಕಡಿಮೆ ಇದ್ದಾಗ ಪಕ್ಷದವರೇ ಸ್ವಂತ ಖರ್ಚಿನಲ್ಲಿ ಒಂದು ಮತದಾನ ನಡೆಸುತ್ತಾರೆ. ಫೈರ್‌ಹೌಸ್ ಪ್ರೈಮರಿ ಅನ್ನುತ್ತಾರೆ. ಸರ್ಕಾರದ ಚುನಾವಣಾ ಕಚೇರಿಗೂ ಅದಕ್ಕೂ ಸಂಬಂಧ ಇಲ್ಲ. ಡೆಮಾಕ್ರಟಿಕ್ ಪಕ್ಷದ್ದು 2024ರ ನವೆಂಬರ್ ಮಧ್ಯದಲ್ಲಿ ಒಂದು ಶನಿವಾರ ನಡೆದುಹೋಯಿತು. ಅದು ನಡೆದದ್ದೇ ನಮ್ಮ ಬೀದಿಯಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಗೆದ್ದವರು ಕಣ್ಣನ್ ಶ್ರೀನಿವಾಸನ್. ಭಾರತದಲ್ಲಿ ಹುಟ್ಟಿ ಇಲ್ಲಿಗೆ ಬಂದವರು. ಆಗ ಅವರು ರಾಜ್ಯದ ಕೆಳಮನೆಯಲ್ಲಿ 26ನೇ ಕ್ಷೇತ್ರದ ಸದಸ್ಯರು. ಅವರು ಮೇಲೆ ಹೊರಟಿದ್ದಕ್ಕೆ ಆ ಸೀಟಿಗೂ ಅದೇ ದಿನ ಚುನಾವಣೆ.

ಆ 26ರ ಸ್ಪರ್ಧೆ ಕೇಳಿ, ಮಜಾ ಇದೆ. ಡೆಮಾಕ್ರಟಿಕ್ ಕಡೆಯಿಂದ ಜೆಜೆ ಸಿಂಗ್, ಪಗಡಿ ಕಟ್ಟುವ ಸಿಖ್ಖರು. ರಿಪಬ್ಲಿಕನ್ ಕಡೆಯಿಂದ ರಾಮ್ ವೆಂಕಟಾಚಲಂ. ಚಿಕ್ಕಪ್ಪಾ, ‘ನಮ್ಮವರಿಗೇ ವೋಟು’ ಅನ್ನುವವರು ಇಲ್ಲಿ ಏನು ಮಾಡಬೇಕು ಹೇಳಿ? ಗುಂಡಿ ಅಗೆಯುವುದೂ ನಮ್ಮವರೇ, ಮುಚ್ಚುವುದೂ ನಮ್ಮವರೇ ಅನ್ನುವ ಹಾಗಾಯಿತು. ಕೊನೆಗೆ ಜನ ಕೇಳಿದ್ದು ಪಕ್ಷ ಯಾವುದು, ಊರಿನ ಸಮಸ್ಯೆಗೆ ಏನು ಹೇಳುತ್ತಾರೆ ಅಂತಲೇ.

ಮತದಾನ 2025ರ ಜನವರಿ 7ಕ್ಕೆ. ಹಿಂದಿನ ದಿನ ಹಿಮಪಾತ. ಬೆಳಿಗ್ಗೆ ಕಾರು ತೆಗೆಯುವುದಕ್ಕೇ ಸಲಿಕೆ ಹಿಡಿದು ಬೆವರು ಸುರಿಸಿದೆವು. ಮತಗಟ್ಟೆ ಮುಂದೆ ಒಬ್ಬರು ನಡೆಯುವಷ್ಟು ದಾರಿ ಬಿಡಿಸಿ ಉಪ್ಪು ಚೆಲ್ಲಿದ್ದರು. ಒಳಗೆ ಕ್ಯೂ ಇಲ್ಲ. ಟೋಪಿ ಹಾಕಿದ ಅಜ್ಜಿ ಒಬ್ಬರು ಲೈಸೆನ್ಸ್ ನೋಡಿ ಕಾಗದದ ಬ್ಯಾಲಟ್ ಕೊಟ್ಟರು. ಹೆಸರಿನ ಪಕ್ಕದ ಮೊಟ್ಟೆಯಾಕಾರ ಪೂರ್ತಿ ಕಪ್ಪು ಮಾಡಿ, ಮಿಷನ್ ಬಾಯಿಗೆ ನಾವೇ ತುರುಕಬೇಕು. ನಿಮ್ಮ ಮೈಸೂರಿನ ಶಾಯಿ ಇಲ್ಲ, ಕೈಗೆ ಒಂದು ಸ್ಟಿಕ್ಕರ್ ಕೊಡುತ್ತಾರೆ. ನನ್ನ ಮಗಳು ಅದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ ಹಾಳುಮಾಡಿದಳು, ಅದು ಬೇರೆ ಮಾತು.

ಫಲಿತಾಂಶ ಹತ್ತಿರದ್ದೇನಲ್ಲ. ಶ್ರೀನಿವಾಸನ್‌ಗೆ ಶೇ. 60ಕ್ಕೂ ಜಾಸ್ತಿ ವೋಟು, ಎದುರು ನಿಂತಿದ್ದ ತುಮಾಯ್ ಹಾರ್ಡಿಂಗ್ ಸೋತರು. ಸಿಂಗ್ ಕೂಡ ಗೆದ್ದರು. ಮರುದಿನವೇ ಅಧಿವೇಶನ ಶುರು. 21-19 ಹಾಗೇ ಉಳಿಯಿತು. ಆ ಅಧಿವೇಶನದಲ್ಲೇ ಗರ್ಭಪಾತದ ಹಕ್ಕಿನ ಸಂವಿಧಾನ ತಿದ್ದುಪಡಿ ಎರಡೂ ಮನೆಯಲ್ಲಿ ಮೊದಲ ಸಲ ಪಾಸಾಯಿತು. ಸಂಖ್ಯೆ ಆ ಕಡೆ ಈ ಕಡೆ ಆಗಿದ್ದರೆ ಅದು ಸುಲಭ ಇರಲಿಲ್ಲ.

ನಮಗೆ ದಿನಾ ತಾಗುವುದು ಮಾತ್ರ ಬೇರೆ. ಮನೆಯಿಂದ ವಾಷಿಂಗ್ಟನ್‌ನ ಡಲ್ಲಸ್ ಏರ್‌ಪೋರ್ಟ್ ಕಡೆ ಹೋಗುವ ಗ್ರೀನ್‌ವೇ ಖಾಸಗಿ ರಸ್ತೆ. ಒಂದು ಸಲಕ್ಕೆ ಟೋಲ್ ಐದು ಡಾಲರ್‌ಗೂ ಮೇಲೆ. ದರ ಏರಿಸಬೇಕಾದರೆ ರಾಜ್ಯದ ಆಯೋಗದ ಒಪ್ಪಿಗೆ ಬೇಕು, ಆ ಆಯೋಗಕ್ಕೆ ನಿಯಮ ಬರೆಯುವುದು ಈ ಸೆನೆಟರ್‌ಗಳು. ಸುಹಾಸ್ ಇಲ್ಲಿ ಹೆಸರು ಮಾಡಿದ್ದರಲ್ಲಿ ಟೋಲ್ ವಿರುದ್ಧದ ಓಡಾಟಕ್ಕೂ ಪಾಲಿದೆ. ಆಮೇಲೆ ಡೇಟಾ ಸೆಂಟರ್, ಅಂದರೆ ಇಂಟರ್ನೆಟ್ ನಡೆಸುವ ಕಂಪ್ಯೂಟರ್‌ಗಳ ಗೋದಾಮು. ಆಶ್‌ಬರ್ನ್‌ನಲ್ಲಿ ಎಲ್ಲಿ ನೋಡಿದರೂ ಕಿಟಕಿಯೇ ಇಲ್ಲದ ಬೂದು ಕಟ್ಟಡಗಳು, ಪಕ್ಕದಲ್ಲಿ ಸಾಲಾಗಿ ಜನರೇಟರ್, ಮೇಲೆ ಹೈಟೆನ್ಷನ್ ತಂತಿ. ನೀವು ಈ ಮೆಸೇಜ್ ಕೇಳುತ್ತಿರುವುದೂ ಇಲ್ಲಿನ ಯಾವುದೋ ಡಬ್ಬದ ಮೂಲಕವೇ ಇರಬಹುದು. ಕೌಂಟಿಗೆ ಅದರಿಂದ ತೆರಿಗೆ ಚೆನ್ನಾಗಿ ಬರುತ್ತದೆ, ಶಾಲೆಗಳೂ ಅದರಿಂದ ನಡೆಯುತ್ತವೆ. ಆದರೆ ಕರೆಂಟ್ ಲೈನಿನ ಖರ್ಚು ಯಾರ ಬಿಲ್ಲಿಗೆ ಹೋಗಬೇಕು, ಆ ಕಂಪನಿಗಳು ಕೊಳ್ಳುವ ಯಂತ್ರಗಳಿಗೆ ಮಾರಾಟ ತೆರಿಗೆ ವಿನಾಯಿತಿ ಎಷ್ಟು ಕಾಲ, ಇದೆಲ್ಲ ರಿಚ್ಮಂಡ್‌ನಲ್ಲಿ ತೀರ್ಮಾನ. ನಾನು ಅಭ್ಯರ್ಥಿಯನ್ನು ಕೇಳುವುದು ಇದನ್ನೇ. ಅಜ್ಜ ಯಾವ ಊರಿನವರು ಅಂತ ಅಲ್ಲ.

ಅತ್ತೆ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೀವೆಲ್ಲ ವೋಟು ಹಾಕಿದಿರಾ ಅಂದಿರಿ. ನಾನು, ಇವರು ಹಾಕಿದೆವು, ಪೌರತ್ವ ಆಗಿದೆ. ತಮ್ಮನಿಗೆ ಇಲ್ಲ. ಅವನು ಇದೇ ಕ್ಷೇತ್ರದಲ್ಲಿ ಮನೆ ಕೊಂಡಿದ್ದಾನೆ, ತೆರಿಗೆ ಕಟ್ಟುತ್ತಾನೆ, ಮಕ್ಕಳು ಇಲ್ಲಿನ ಶಾಲೆಗೆ ಹೋಗುತ್ತವೆ. ಆದರೆ ಇನ್ನೂ ಎಚ್-1ಬಿ, ಅಂದರೆ ತಾತ್ಕಾಲಿಕ ಕೆಲಸದ ವೀಸಾ. ಇಲ್ಲೇ ಕಾಯಂ ಇರಲು ಬೇಕಾದ ಉದ್ಯೋಗದ ಗ್ರೀನ್ ಕಾರ್ಡ್‌ನಲ್ಲಿ ಯಾವ ಒಂದು ದೇಶಕ್ಕೂ ಸಾಮಾನ್ಯವಾಗಿ ಶೇ. 7ಕ್ಕಿಂತ ಜಾಸ್ತಿ ಕೊಡುವುದಿಲ್ಲ. ಹಾಗಾಗಿ ನಮ್ಮ ಜನರ ಸಾಲು ವರ್ಷಗಟ್ಟಲೆ. ಕಾರ್ಡ್ ಸಿಕ್ಕ ಮೇಲೂ ಸಾಮಾನ್ಯವಾಗಿ ಐದು ವರ್ಷ ಕಾದು ಪೌರತ್ವಕ್ಕೆ ಅರ್ಜಿ. ದೀಪಾವಳಿಗೆ ಹಾಲ್ ತುಂಬ ನಮ್ಮವರು ಕಾಣುತ್ತಾರೆ, ಅದನ್ನು ನೋಡಿ ಫಾರ್ವರ್ಡ್ ಬರೆದವರು ಗೆಲ್ಲಿಸಿದ್ದೇ ನಾವು ಅಂದುಬಿಟ್ಟಿದ್ದಾರೆ. ಆ ಹಾಲ್‌ನಲ್ಲಿ ಕೈ ಎತ್ತಿ ಅಂದರೆ ವೋಟು ಇಲ್ಲದವರೇ ಎಷ್ಟೋ ಜನ. ಗೆಲ್ಲಿಸಿದ್ದು ಈ ಕ್ಷೇತ್ರದ ಎಲ್ಲಾ ಬಗೆಯ ಜನ.

ಇನ್ನೊಂದು, ಮರೆಯುವ ಮುಂಚೆ. ಆ ಲೆಫ್ಟಿನೆಂಟ್ ಗವರ್ನರ್ ಕುರ್ಚಿ ಅಂದೆನಲ್ಲ, 2025ರ ನವೆಂಬರ್‌ನಲ್ಲಿ ಅದನ್ನು ಗೆದ್ದವರು ಗಜಾಲಾ ಹಶ್ಮಿ, ಹೈದರಾಬಾದಿನಲ್ಲಿ ಹುಟ್ಟಿದವರು. ಅವರೂ ಇದೇ ರಾಜ್ಯ ಸೆನೆಟ್‌ನಲ್ಲಿ ಇದ್ದವರೇ. ಅದರ ಫಾರ್ವರ್ಡ್ ಈ ಗ್ರೂಪಿಗೆ ಬಂದದ್ದು ನಾನು ನೋಡಲಿಲ್ಲ, ಯಾಕೋ.

40 ಸೀಟಿಗೂ ಮತ್ತೆ ಚುನಾವಣೆ 2027ರ ನವೆಂಬರ್‌ನಲ್ಲಿ. ಚಿಕ್ಕಪ್ಪಾ, ಆ ಹೊತ್ತಿಗೆ ನೀವು ಇಲ್ಲಿಗೆ ಬಂದಿದ್ದರೆ ಮತಗಟ್ಟೆ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಸ್ವೆಟರ್ ತನ್ನಿ. ಸರಿ, ಕುಕ್ಕರ್ ಕೂಗಿತು, ಇಡುತ್ತೇನೆ.